ಖಾಲಿ ಡಬ್ಬ

ಚಿ. ಶರತ್‌ಗೆ,

ಫೋನಿನಲ್ಲಿ ಹೇಳಿದರೆ "ಆಯ್ತಮ್ಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಅಹಮದಾಬಾದಿನ ಹೊರಗೆ, ಪಕ್ಷಿಧಾಮದ ಕೆರೆಯ ಎದುರು ನನಗೆ ಫ್ಲಾಟ್ ಕೊಡಿಸಿದೆ, ಸಂತೋಷ. ಆದರೆ ಈ ಹೊಸ ಕಟ್ಟಡಗಳ ಜನರೆಲ್ಲ ಭಾನುವಾರ ನಾಯಿ, ಸ್ಪೀಕರ್ ಸಮೇತ ಕೆರೆ ದಂಡೆಗೆ ಇಳಿಯುತ್ತಾರೆ. ಅವರನ್ನು ಮಧ್ಯಾಹ್ನದವರೆಗೆ ಅಲ್ಲೇ ಕೂರಿಸುವುದು ನಮ್ಮ ಹೋಟೆಲಿನಿಂದ ನೀನು ಅಲ್ಲಿ ನಿಲ್ಲಿಸಿರುವ ಇಡ್ಲಿ ಗಾಡಿ.

ಮೊನ್ನೆ ನಾಯಿಗಳ ಕಾಟಕ್ಕೆ ಸಾರಸ ಜೋಡಿ ಗೂಡು ಬಿಟ್ಟು ಹೋಯಿತು. ಎರಡೂ ಮೊಟ್ಟೆಗಳು ಒಡೆದಿವೆ. ಗೂಡಿನ ಪಕ್ಕದಲ್ಲಿ ನಮ್ಮ ಹೋಟೆಲಿನ ಹೆಸರಿದ್ದ ಪೊಟ್ಟಣ ಬಿದ್ದಿತ್ತು. ಅರಣ್ಯ ಇಲಾಖೆಯ ಕಾವಲುಗಾರ ಅದನ್ನು ನನ್ನ ಕೈಗಿಟ್ಟು, "ಅಮ್ಮಾ, ಇದು ನಿಮ್ಮದೇ ಅಲ್ವಾ?" ಎಂದ. ನಿನ್ನ ಅಪ್ಪ ಮೂವತ್ತು ವರ್ಷ ಕಾಪಾಡಿದ ಹೆಸರು. ಹೌದು ಎಂದೆ. ಯಾರೆದುರೂ ತಗ್ಗದ ತಲೆ ಅವತ್ತು ತಗ್ಗಿತು.

"ನಾವಲ್ಲದಿದ್ರೆ ಇನ್ನೊಬ್ಬ ಗಾಡಿ ಇಡ್ತಾನೆ" ಎನ್ನಬೇಡ. ಇಟ್ಟರೆ ಆ ಪೊಟ್ಟಣದ ಮೇಲೆ ಅವನ ಹೆಸರಿರುತ್ತದೆ.

ಗಾಡಿಯನ್ನು ಈ ವಾರವೇ ಹೆದ್ದಾರಿಗೆ ಸಾಗಿಸು. ನಾಯಿ, ಸ್ಪೀಕರ್ ತರುವವರ ವಿಷಯವಾಗಿ ನಮ್ಮ ಫ್ಲಾಟುಗಳ ಸೊಸೈಟಿಯ ಸಭೆಯಲ್ಲಿ ನಾನೇ ಮಾತಾಡುತ್ತೇನೆ. ಆದರೆ ನಮ್ಮ ಗಾಡಿ ಅಲ್ಲಿರುವಾಗ ಯಾವ ಬಾಯಲ್ಲಿ ಮಾತಾಡಲಿ?

ಹೋಟೆಲಿಗೆ ನಾನು ಮಾಡಿ ಕಳಿಸುವ ಸಾಂಬಾರ್ ಪುಡಿಯ ಡಬ್ಬವನ್ನು ಈ ಸಲ ನಿನ್ನ ಡ್ರೈವರ್ ಖಾಲಿಯೇ ತರುತ್ತಾನೆ. ಮರೆತದ್ದಲ್ಲ. ಗಾಡಿ ಎದ್ದ ದಿನ ವಾಪಸು ಕಳಿಸು, ತುಂಬಿ ಕೊಡುತ್ತೇನೆ.

ನಿನ್ನ ಅಮ್ಮ,
ನಾಗವೇಣಿ