ನಾಲ್ಕನೇ ಸಾಕ್ಸ್

ರೀ,

ಎದ್ದ ತಕ್ಷಣ ಗ್ಯಾರೇಜಿಗೆ ಓಡಬೇಡಿ, ಮೊದಲು ಇದನ್ನು ಓದಿ.

ಬಟ್ಟೆ ಮಡಚುವಾಗ ಸಾಕ್ಸ್ ಎಣಿಸಿದೆ. ಇಂಜಿನ್ ಬಿಚ್ಚಿದಾಗ ಒಳಗೆ ಧೂಳು ಹೋಗಬಾರದು ಅಂತ ಅದರ ನಾಲ್ಕು ತೂತಿಗೂ ಪುಟ್ಟಿಯ ಸಾಕ್ಸ್ ತುರುಕಿದ್ದಿರಲ್ಲ? ಒಗೆಯೋಕೆ ಬಂದಿರೋದು ಮೂರೇ! ಮಂಚದ ಕೆಳಗೂ ಇಲ್ಲ, ನಿಮ್ಮ ಜೇಬಲ್ಲೂ ಇಲ್ಲ. ನೀವೋ, ಎಲ್ಲ ಜೋಡಿಸಿ ಬೋಲ್ಟ್ ಬಿಗಿದು, "ಬೆಳಿಗ್ಗೆ ಸ್ಟಾರ್ಟ್ ಮಾಡೋದೊಂದೇ ಬಾಕಿ" ಅಂತ ಮೀಸೆ ತಿರುವಿ ಮಲಗಿದಿರಿ.

ಅಯ್ಯೋ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಬಂದ ಸ್ಪೋರ್ಟ್ಸ್ ಕಾರು ಕಣ್ರೀ! ಅದು ಸಾಕ್ಸ್ ನುಂಗಿದರೆ ನೀವು ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಫ್ಲಾಸ್ಕಲ್ಲಿ ಕಾಫಿ ಇದೆ. ಕುಡಿದು, ಧೈರ್ಯ ತಂದುಕೊಂಡು, ಬಿಗಿದಿದ್ದನ್ನು ಮತ್ತೆ ಬಿಚ್ಚಿ.

ಕಾರಿನ ಕೀ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ, ನಾನು ಕೆಲಸಕ್ಕೆ ಹೊರಟೆ. ಸಂಜೆ ಸಾಕ್ಸ್ ಕೊಟ್ಟು ಕೀ ತಗೊಳ್ಳಿ.