ಈಡು ತಪ್ಪಿದವರ ಗೋಡೆ

ನವೆಂಬರ್ 27, 2016, ಭಾನುವಾರ, ಸಂಜೆ

ಮೂರು ಗುಂಡು ಹೊಡೆದು ನೋಡಿದೆ. ನೂರು ಗಜ. ಮೂರೂ ಒಂದು ಬಿಸ್ಕತ್ತಿನಗಲದಲ್ಲಿ ಬಿದ್ದವು. ನನ್ನ ಕೋವಿ ಸರಿಯಾಗಿದೆ. ಗೇಲನ್ ತನ್ನದನ್ನು ಮುಟ್ಟಲೇ ಇಲ್ಲ. "ಹೋದ್ವರ್ಷ ಸರಿ ಇತ್ತಲ್ಲಕ್ಕಾ, ಪೆಟ್ಟಿಗೇಲಿಟ್ರೆ ಕೆಟ್ಟೋಗತ್ತಾ?" ಅಂದ. ಕೆಡುತ್ತದೆ! ಟ್ರಕ್ಕಿನಲ್ಲಿ ಒಂದು ಕುಲುಕಾಟ ಸಾಕು, ಮೇಲಿನ ದುರ್ಬೀನು ಕೂದಲೆಳೆಯಷ್ಟು ಸರಿಯುತ್ತದೆ. ನನ್ನ ತಮ್ಮನಿಗೆ ಐವತ್ತೆಂಟು. ಹೇಳಿದರೆ ಕೇಳುವ ವಯಸ್ಸು ಯಾವತ್ತೋ ದಾಟಿದೆ.

ಪೆನ್ಸಿಲ್ವೇನಿಯಾದಲ್ಲಿ ಭಾನುವಾರ ಜಿಂಕೆಗೆ ರಜೆ. ಕೊಯೋಟಿಗೆ ಇಲ್ಲ, ನರಿಗಿಂತ ದೊಡ್ಡದಾದ ಆ ಕಾಡುನಾಯಿಯನ್ನು ಯಾವತ್ತು ಬೇಕಾದರೂ ಹೊಡೆಯಬಹುದು. ಗೇಲನ್ ಬೆಳಗಿನಿಂದ ಹಳ್ಳದ ಬಾಯಲ್ಲಿ ಕೂತು, ಗಾಯಗೊಂಡ ಮೊಲದ ದನಿಯ ಸೀಟಿ ಊದಿದ್ದೇ ಊದಿದ್ದು. ಒಂದೂ ಬರಲಿಲ್ಲ. ಎಲ್ಲಿ ಬರಬೇಕು, ಗಾಳಿ ಇವನ ವಾಸನೆ ಹೊತ್ತು ನೇರ ಹಳ್ಳಕ್ಕೇ ಹೋಗುತ್ತಿತ್ತು. "ಜಿಂಕೆಗಳ್ನೆಲ್ಲ ಈ ದರಿದ್ರ ಕೊಯೋಟಿಗಳೇ ತಿಂದು ಮುಗಿಸ್ತಿವೆ" ಅಂತ ಬೈದುಕೊಂಡು ಬಂದ. ತೋಟಾ ತುಂಬಿದ ಕೋವಿ ಹಿಡಿದೇ ಒಳಗೆ ಕಾಲಿಟ್ಟ. ಹೊರಗೇ ಖಾಲಿ ಮಾಡಿ ಬಾ ಎಂದು ಗದರಿದೆ.

ಅಪ್ಪ ಹೋಗಿ ಎಂಟು ತಿಂಗಳು. ಈ ಬೇಟೆ ಕ್ಯಾಂಪಿನ ಮನೆಯಲ್ಲಿ ಅಪ್ಪನ ಹಾಸಿಗೆ ಈಗ ನನ್ನದು, ಅವನ ಕೆಂಪು ಕಪ್ಪು ಚೌಕಳಿಯ ಉಣ್ಣೆ ಅಂಗಿಯೂ. ಇಲ್ಲಿ ಮಲಗುವ ಮೊದಲ ಹೆಂಗಸು ನಾನು. ಹಾಸಿಗೆಯ ಎದುರಿಗೇ ಆ ಗೋಡೆ. ಈಡು ತಪ್ಪಿದರೆ ಅಂಗಿಯ ಬಾಲ, ಅಂದರೆ ಹಿಂದಿನ ಕೆಳ ಅಂಚು, ಕತ್ತರಿಸಿ ಅಲ್ಲಿಗೆ ಮೊಳೆ ಹೊಡೆಯುತ್ತಾರೆ. ಹೆಸರು, ವರ್ಷ, 'ತಪ್ಪಿತು'. ಮೂವತ್ತೊಂದು ಇವೆ. ಗೇಲನ್‌ನವೇ ಏಳು, ಬಂದವರಿಗೆಲ್ಲ ನಗುತ್ತ ತೋರಿಸುತ್ತಾನೆ. ಅಪ್ಪನದು ಒಂದೂ ಇಲ್ಲ.

ನವೆಂಬರ್ 28, ಸೋಮವಾರ, ಮಧ್ಯಾಹ್ನ 1

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಹೇಗಾದರೂ ಬರಲಿ.

ಎಂಟೂ ಹತ್ತಕ್ಕೆ ಗಂಡು ಜಿಂಕೆ ಬಂತು. ಕೋಡಿಗೆ ಎಂಟು ಕವಲು. ಎಂಬತ್ತು ಗಜ. ಹೆಜ್ಜೆ ಎತ್ತುವಾಗ ಹೊಡೆದುಬಿಟ್ಟೆ. ನಿಲ್ಲುವ ತನಕ ಕಾಯಬೇಕಿತ್ತು, ಅದು ನನ್ನದೇ ತಪ್ಪು. ಈಡು ಹಿಂದಕ್ಕೆ ಬಿತ್ತು. ಜಿಂಕೆ ಓಡಲಿಲ್ಲ, ಬೆನ್ನು ಗೂನು ಮಾಡಿಕೊಂಡು ನಡೆದು ಹೋಯಿತು. ಹಾಗೆ ಹೋದರೆ ಗುಂಡು ಹೊಟ್ಟೆಗೆ. ಕೂಡಲೇ ಹಿಂದೆ ಬೀಳಬಾರದು, ಅಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ. ನಾಲ್ಕು ಗಂಟೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಅದು ನಿಂತಿದ್ದ ಜಾಗಕ್ಕೆ ಕಿತ್ತಳೆ ಪಟ್ಟಿ ಕಟ್ಟಿದೆ. ಮೊಣಕಾಲೂರಿ ಹುಡುಕಿದೆ. ಒಂದು ಚಿಟಿಕೆ ಒರಟು ಬೂದು ಕೂದಲು. ರಕ್ತವಿಲ್ಲ; ಹೊಟ್ಟೆಯ ಗಾಯ ಒಳಗೇ ಸುರಿಯುತ್ತದೆ. ಕಾದೆ.

ಹನ್ನೆರಡಕ್ಕೆ ಗೇಲನ್ ಬಂದ.

"ಎಲ್ಲಕ್ಕಾ ರಕ್ತ?"

"ಕೂದ್ಲು ನೋಡೋ."

"ಕಾಡ್ತುಂಬ ಕೂದ್ಲೇ. ತಪ್ಪೋಯ್ತು ಅನ್ನು, ಮುಗೀತು."

"ತಪ್ಪಿಲ್ಲ ಕಣೋ! ಗೂನಾಗಿ ಹೋಯ್ತು, ಕಣ್ಣಾರೆ ನೋಡಿದೀನಿ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ!"

ಎರಡು ನಿಮಿಷ. ಒಂದೇ ಒಂದು ಸಲ ಬಗ್ಗಿದ. ಅಪ್ಪನ ನಂತರ ಕ್ಯಾಂಪಿಗೆ ಅವನೇ ಯಜಮಾನ; ಯಜಮಾನ ತಪ್ಪಿತು ಅಂದರೆ ತಪ್ಪಿತು, ಅದರ ಮೇಲೆ ಮಾತಿಲ್ಲ. ಕ್ಯಾಂಪಿಗೆ ಬಂದದ್ದೇ, ಅಡುಗೆ ನೋಡಿಕೊಳ್ಳುವ ಡೆಲ್ಬರ್ಟ್ — ಅಪ್ಪನ ಗೆಳೆಯ, ಊರಿಗೆಲ್ಲ ಅಂಚೆ ಹಂಚಿ ನಿವೃತ್ತನಾದವನು — ಕತ್ತರಿ ತಂದ. "ಬೇಜಾರ್ ಮಾಡ್ಕೋಬೇಡ ಕಣಮ್ಮ, ಎಲ್ಲಾರ್ಗೂ ಆಗಿದ್ದೇ." ಇದು ಅಪ್ಪನ ಅಂಗಿ, ಬೇರೆ ಯಾವುದನ್ನಾದರೂ ಕತ್ತರಿಸಿ ಎಂದೆ. "ಹೊಡೆದಾಗ ಮೈಮೇಲಿದ್ದದ್ದೇ ಆಗ್ಬೇಕಕ್ಕಾ" ಅಂದ ಗೇಲನ್. ಕತ್ತರಿಸಿದರು. ಮೊಳೆ ಹೊಡೆದರು. ಮೂವತ್ತೆರಡು.

ತಪ್ಪಿದವರಿಗೆ ಇನ್ನೊಂದು ಶಿಕ್ಷೆ: ಸಂಜೆಯವರೆಗೆ ಪೊದೆ ಬಡಿದು, ಜಿಂಕೆ ಎಬ್ಬಿಸಿ ಉಳಿದವರತ್ತ ಓಡಿಸಬೇಕು. ಗೇಲನ್ ಕರೆಯುತ್ತಿದ್ದಾನೆ.

ಅದೇ ದಿನ, ಊಟದ ಹೊತ್ತು

ಹಳ್ಳದ ಆಚೆ ಕೊಯೋಟಿಗಳು ಊಳಿಡುತ್ತಿವೆ. ಐದಾರು ಇರಬೇಕು. "ಕೇಳು, ಕಳ್ನನ್ಮಕ್ಳು" ಎಂದು ಗೇಲನ್ ನಗುತ್ತ ಬೀನ್ಸ್ ಸಾರಿಗೆ ಬ್ರೆಡ್ಡು ಅದ್ದಿ ತಿಂದ. ನಾನು ತಟ್ಟೆ ಸರಿಸಿ ಕಿವಿಗೊಟ್ಟೆ. ನನ್ನ ಜಿಂಕೆ ಹೋದ ದಿಕ್ಕಿನಿಂದಲೇ ಊಳು.

ನವೆಂಬರ್ 29, ಮಂಗಳವಾರ

ಸಿಕ್ಕಿತು.

ಪಟ್ಟಿ ಕಟ್ಟಿದಲ್ಲಿಂದ ಇನ್ನೂರ ನಲವತ್ತು ಹೆಜ್ಜೆ. ಅಷ್ಟೇ! ಮೂರು ಕಡೆ ಮಲಗಿ ಎದ್ದಿದೆ. ಮೊದಲನೆಯ ಕಡೆ ಅಂಗೈಯಗಲ ರಕ್ತ. ಮೂರನೆಯದು ಮರದ ನೆರಳಿನ ಹಿಮದಲ್ಲಿ. ಸುತ್ತ ಕೊಯೋಟಿ ಹೆಜ್ಜೆ, ನಡುವೆ ಗೊರಸು ಒದ್ದಾಡಿದ ಗೀರುಗಳು. ಅಂದರೆ ಅವು ಬಂದಾಗ ಇನ್ನೂ ಜೀವವಿತ್ತು. ಸಂಜೆಯ ತನಕ ಜೀವವಿತ್ತು. ನಾನು ಆಚೆ ಗುಡ್ಡದಲ್ಲಿ ಪೊದೆ ಬಡಿಯುತ್ತಿದ್ದೆ. ಯಾಕೆ ಹೋದೆ? ಅವರು ಕರೆದರು ಅಂತ ಹೋದೆ. ಅರವತ್ತೊಂದು ವರ್ಷದ ಹೆಂಗಸು, ಥೂ.

ತೊಡೆಯೆಲ್ಲ ತಿಂದಿವೆ. ಕೊನೆಯ ಪಕ್ಕೆಲುಬಿನ ಹಿಂದೆ ನನ್ನ ಗುಂಡಿನ ತೂತು ಹಾಗೇ ಇದೆ. ಬೇಟೆ ಪರವಾನಗಿಯ ಜೊತೆ ಕೊಡುವ ಟ್ಯಾಗ್ ಚೀಟಿ ಬರೆದು ಕಿವಿಗೆ ಕಟ್ಟಿದೆ. ವರ್ಷಕ್ಕೆ ಒಂದೇ ಗಂಡು, ಒಂದೇ ಟ್ಯಾಗ್. ನನ್ನ ಬೇಟೆ ಮುಗಿಯಿತು. ಅಷ್ಟರಲ್ಲಿ ಗೇಲನ್ ಏದುಸಿರು ಬಿಡುತ್ತ ಬಂದ.

"ಹುಚ್ಚೇನಕ್ಕಾ ನಿಂಗೆ? ಬಿಚ್ಚು ಅದ್ನ. ಮಾಂಸಾನೇ ಉಳಿದಿಲ್ಲ. ತಪ್ಪಿತು ಅಂತ ಗೋಡೆ ಮೇಲೇ ಇದೆಯಲ್ಲ, ಇನ್ನೊಂದು ಹೊಡಿ."

"ಓಹೋ. ತಪ್ಪಿತು ಅಂದ್ರೆ ಟ್ಯಾಗ್ ಉಳೀತು ಅಂತ."

"ಎಲ್ಲಾರೂ ಮಾಡೋದೇ."

"ನಿನ್ನ ಏಳ್ರಲ್ಲಿ ಎಷ್ಟನ್ನ ಹುಡುಕ್ದೆ ನೀನು?"

ಕೊಯೋಟಿಗಳಿಗೆ ಶಾಪ ಹಾಕುತ್ತ ಹೊರಟುಹೋದ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಕೋತಿ! ಬಡಿಸುವವರು ನಾವು, ಕಳ್ಳರು ಅವು. ಅವನ ಹೆಮ್ಮೆಯ ಏಳು ಬಾಲ ನೆನೆದರೆ ಮೈ ಉರಿಯುತ್ತದೆ.

ಡಿಸೆಂಬರ್ 3, ಶನಿವಾರ

ನಾಲ್ಕು ದಿನದಿಂದ ಗೇಲನ್ ಜೊತೆ ಮಾತಿಲ್ಲ. "ಬೇಟೆ ಮುಗೀತಲ್ಲ, ಮನೆಗೋಗು" ಎಂದು ಡೆಲ್ಬರ್ಟ್ ಕೈಲಿ ಹೇಳಿಸಿದ. ಹೋಗುವುದಿಲ್ಲ. ಇದು ಅಪ್ಪನ ಹಾಸಿಗೆ.

ಡೆಲ್ಬರ್ಟ್ ಪಾತ್ರೆ ಒರೆಸುತ್ತ, ಬೇಕೆಂದೇ ಗಟ್ಟಿಯಾಗಿ ಹೇಳಿದ: "ನಿಮ್ಮಪ್ಪಂದೂ ಒಂದು ಸಲ ಹಿಂಗೇ ಆಗಿತ್ತು ಕಣಮ್ಮ. ಎರಡು ದಿನ ಹುಡುಕ್ದ. ಸಿಕ್ಲಿಲ್ಲ. ಬಂದೋನೇ ಟ್ಯಾಗ್ ಹರಿದು ಒಲೆಗೆ ಹಾಕ್ದ. ತಗುಲಿದ್ದು ನಂಗೊತ್ತು, ಅಷ್ಟು ಸಾಕು ಅಂದ. ಅದಕ್ಕೇ ಗೋಡೆ ಮೇಲೆ ಅವಂದಿಲ್ಲ."

ಗೇಲನ್ ಆ ಕಡೆ ತಿರುಗಿ ಕೋವಿಗೆ ಎಣ್ಣೆ ಹಾಕುತ್ತಿದ್ದ. ಎಣ್ಣೆಯ ಬಟ್ಟೆ ಕೆಳಗಿಟ್ಟ.

ಡಿಸೆಂಬರ್ 4, ಭಾನುವಾರ, ಬೆಳಿಗ್ಗೆ

ನನ್ನ ಬಾಲ ಇಳಿಸಿದೆ. 'ತಪ್ಪಿತು' ಎಂಬುದನ್ನು ಹೊಡೆದು ಹಾಕಿ, 'ತಗುಲಿತು. ಆ ದಿನ ಹುಡುಕಲಿಲ್ಲ' ಎಂದು ಬರೆದೆ. ಅಪ್ಪನ ಅಂಗಿಯ ಮೇಲೆ, ನನ್ನ ಹೆಸರಿನ ಕೆಳಗೆ. ಮತ್ತೆ ಅದೇ ಮೊಳೆಗೆ ಸಿಕ್ಕಿಸಿದೆ.

ಗೇಲನ್ ಇವತ್ತು ಕೊಯೋಟಿಗೆ ಹೋಗಲಿಲ್ಲ. ಸೀಟಿ ಮೇಜಿನ ಮೇಲೇ ಇದೆ. ಕಾಫಿ ಹಿಡಿದು ಗೋಡೆಯ ಮುಂದೆ ನಿಂತಿದ್ದಾನೆ. ನನ್ನದನ್ನು ಓದಿದ. ಈಗ ಬೈಯುತ್ತಾನೆ ಅಂದುಕೊಂಡು ನಾನೂ ಮಾತು ಮಸೆದು ಕೂತೆ.

ಬೈಯಲಿಲ್ಲ. ಚಾಕು ತೂರಿಸಿ ತನ್ನದೊಂದನ್ನು ಕಿತ್ತ. ನೀಲಿ, 1998ರದು.

"ಇದು ಮುಂಗಾಲಿಗೆ ಬಿದ್ದಿತ್ತಕ್ಕಾ. ಮಳೆ ಬರ್ತಿತ್ತು. ಕುಂಟ್ಕೊಂಡು ಹೋಗೋದು ನೋಡ್ದೆ."

ಇನ್ನೊಂದು ಕಿತ್ತ. ಮತ್ತೊಂದು. ಈಗ ಏಳೂ ಮೇಜಿನ ಮೇಲಿವೆ, ಈ ಪುಸ್ತಕದ ಪಕ್ಕದಲ್ಲೇ. ಎದುರಿಗೆ ಕೂತು ಕೈ ಚಾಚಿದ್ದಾನೆ.

"ಪೆನ್ ಕೊಡಕ್ಕಾ."

ಇರೋ, ಇದೊಂದು ಸಾಲು ಎಂದೆ.

"ಈಗ್ಲೇ ಕೊಡು. ಆಮೇಲೆ ಬರೆಯೋಕೆ ಕೈ ಬರಲ್ಲ."

ಕೊಡುತ್ತಿದ್ದೇ—