ರೆಕ್ಕೆ ಗಾಳಿ ಬಿಟ್ಟಾಗ

ಶ್ರಾವಣದ ನಲವತ್ತೊಂದನೆಯ ದಿನ, ಶಕವರ್ಷ ೨೧೧೩
ಸಂಡೂರು ಗುಡ್ಡ

ನಮಗಿಂತ ಮೊದಲು ಬದುಕಿದವರಿಗೆ,

ನಮ್ಮ ತಿಂಗಳುಗಳು ಈಗ ಉದ್ದವಾಗಿವೆ, ಮಾತೂ ಬದಲಾಗಿದೆ. ಓದುವಾಗ ತೊಡಕಾದರೆ ಮನ್ನಿಸಿ. ನಾನು ನೀಲಾಂಬಿಕೆ, ಇಲ್ಲಿ ವಿಮಾನ ನಡೆಸುವುದನ್ನು ಕಲಿಸುತ್ತೇನೆ. ಕೆಳಗಿನ ರಸ್ತೆಗಳನ್ನೆಲ್ಲ ಧೂಳು ಮುಚ್ಚಿರುವುದರಿಂದ ಗುಡ್ಡದಿಂದ ಗುಡ್ಡಕ್ಕೆ ನಾವು 'ತಾನ್ಹಾರಿ'ಯಲ್ಲಿ ಹೋಗುತ್ತೇವೆ. ತಾನೇ ಹಾರುವ ಸಣ್ಣ ವಿಮಾನವದು. ಸಂತೆಗೆ ಹೊರಟವರು ಅದರಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾರೆ, ನಿದ್ದೆ ಹೋಗುತ್ತಾರೆ. ಮುಂದೆ ಒಬ್ಬ ಚಾಲಕ ಇರಲೇಬೇಕೆಂದು ಕಾನೂನಿದೆ. ಅವನಿಗೆ ಮಾಡಲು ಹೆಚ್ಚೇನೂ ಇರುವುದಿಲ್ಲ.

ನನ್ನ ಗಂಡ ಶರಭಣ್ಣ ಅಂಥ ಚಾಲಕನಾಗಿದ್ದ. ಅಂದು ನನ್ನ ಬಸುರಿ ತಂಗಿಯ ಕುಬುಸದ ಶಾಸ್ತ್ರಕ್ಕೆಂದು ಮುದಗಲ್ಲಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಅವನ ಚಿಕ್ಕಮ್ಮ ಪಾರ್ವತೆವ್ವ. ಅವನಿಗೆ ಹಾರಾಟ ಕಲಿಸಿದವಳು ಅವಳೇ. ಧೂಳಿನ ಮೋಡವೊಂದನ್ನು ದಾಟುವಾಗ ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತು. ವೇಗ ತಿಳಿಯದೆ, ತಾನೇ ಹಾರಿಸುವ ಯಂತ್ರವು ವಿಮಾನವನ್ನು ಅವನಿಗೆ ಒಪ್ಪಿಸಿ ಸುಮ್ಮನಾಯಿತು. ಎದುರಿಗೆ ಗುಡ್ಡದ ಸಾಲು. ಅವನು ಮೂತಿ ಏರಿಸಿ ಇಳಿಸುವ ಕೋಲನ್ನು ತನ್ನತ್ತ ಎಳೆದ. ಮೂತಿ ಮೇಲೆದ್ದಿತು. ಇನ್ನೂ ಎಳೆದ.

ರೆಕ್ಕೆ ಗಾಳಿಗೆ ಸ್ವಲ್ಪ ಓರೆಯಾಗಿದ್ದರೆ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಹರಿಯುತ್ತದೆ, ವಿಮಾನ ತೇಲುತ್ತದೆ. ಓರೆ ತೀರ ಹೆಚ್ಚಾದರೆ ಗಾಳಿ ಆ ಬೆನ್ನಿನಿಂದ ಕಿತ್ತುಕೊಂಡು ಸುಳಿಸುಳಿಯಾಗಿ ಚದುರುತ್ತದೆ, ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ನೀವು ಇದನ್ನು ಸ್ಟಾಲ್ ಎನ್ನುತ್ತೀರಂತೆ. ನಾವು 'ಗಾಳಿ ಬಿಡುವುದು' ಎನ್ನುತ್ತೇವೆ. ಅದಕ್ಕೆ ಎಂಜಿನ್ ನಿಲ್ಲಬೇಕಾಗಿಲ್ಲ. ನಮ್ಮದು ಓಡುತ್ತಲೇ ಇತ್ತು. ಇಡೀ ವಿಮಾನ ನಡುಗಿತು, ಆಮೇಲೆ ಕೆಳಗೆ ಜಾರತೊಡಗಿತು.

"ಮೂತಿ ಕೆಳಗ್ ಹಾಕೋ ಶರಭಾ," ಎಂದಳು ಪಾರ್ವತೆವ್ವ.

"ಬೀಳಾಕತ್ತೀವಿ ಚಿಗವ್ವಾ. ಕೆಳಗ್ ಹ್ಯಾಂಗ ಹಾಕ್ಲಿ?"

"ಬೀಳಾಕತ್ತೀವಿ ಅಂತನ ಹಾಕೋದು. ಕೋಲು ಮುಂದಕ್ಕ ಒತ್ತು. ರೆಕ್ಕಿ ಮತ್ತ ಗಾಳಿ ಹಿಡಿತೈತಿ."

ಅದು ಅವನಿಗೂ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಅವನ ಕೈ ಕೋಲನ್ನು ಮುಟ್ಟಿರಲಿಲ್ಲ. ನೆಲ ಕಾಣುತ್ತಿರುವಾಗ ಆ ಕೈ ಮುಂದಕ್ಕೆ ಹೋಗಲಿಲ್ಲ. ಚಿಕ್ಕಮ್ಮ ಹಿಂದಿನಿಂದ ಕೈ ಚಾಚಿದಳು, ಕೋಲು ಎಟುಕಲಿಲ್ಲ. ಕೊನೆಗೆ ಒತ್ತಿದ. ರೆಕ್ಕೆ ಗಾಳಿ ಹಿಡಿಯಿತು ಕೂಡ. ಅಷ್ಟರಲ್ಲಿ, ಮತ್ತೆ ಮೇಲೇಳಲು ಬೇಕಾದ ಎತ್ತರ ಉಳಿದಿರಲಿಲ್ಲ.

ನನ್ನನ್ನು ಹೊರಗೆಳೆದರು. ಸತ್ತ ಅವರಿಬ್ಬರನ್ನು ಆಮೇಲೆ ತೆಗೆದರು. ತಂಗಿ ಬಂದು ನನ್ನ ಕಾಲ ಬಳಿ ಕೂತು ಅಳುತ್ತಿದ್ದಳು. "ಏನರ ತಿಂದೀಯಿಲ್ಲ?" ಎಂದು ಕೇಳಿದೆ. ನನಗೆ ಹೊಳೆದದ್ದು ಅಷ್ಟೇ. ಅಳು ಇನ್ನೂ ಬಂದಿಲ್ಲ, ಬರುತ್ತದೆ ಎನ್ನುತ್ತಾರೆ ವೈದ್ಯರು. ಅವನ ಅಂಗಿಗಳನ್ನು ಕೇಳಿದವರಿಗೆ ಕೊಟ್ಟೆ. ಈಗ ಅವು ಬೀದಿಯಲ್ಲಿ ಎದುರಾಗುತ್ತವೆ. ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ತೊಟ್ಟವರಿಗೆ ಹೇಳುತ್ತೇನೆ.

ಆಮೇಲೆ ನಾನೂ ಹಾರಾಟ ಕಲಿತೆ. ಈಗ ಬಹಳ ಎತ್ತರಕ್ಕೆ ಹೋಗಿ, ತಾನೇ ಹಾರಿಸುವ ಯಂತ್ರವನ್ನು ನಿಲ್ಲಿಸಿ, ಕಲಿಯುವವರ ಕೈಯಿಂದಲೇ ರೆಕ್ಕೆ ಗಾಳಿ ಬಿಡುವಂತೆ ಮಾಡಿಸಿ, ಮೂತಿ ತಗ್ಗಿಸಲು ಹೇಳುತ್ತೇನೆ. ಅವರು ವಾಂತಿ ಮಾಡಿಕೊಳ್ಳುತ್ತಾರೆ, ನನ್ನನ್ನು ಬೈಯುತ್ತಾರೆ. ಇನ್ನೊಮ್ಮೆ ಮಾಡಿಸುತ್ತೇನೆ.

ವಿಮಾನಗಳು ತಾವೇ ಹಾರುವುದನ್ನು ಕಲಿಯತೊಡಗಿದ್ದು ನಿಮ್ಮ ಕಾಲದಲ್ಲೇ ಎಂದು ಕೇಳಿದ್ದೇನೆ. ಕಲಿಯಲಿ. ಚಾಲಕರ ಕೈಗೆ ಮಾತ್ರ ಆಗಾಗ ಕೋಲು ಕೊಡಿ; ಬೀಳುವಾಗ ಮೂತಿ ತಗ್ಗಿಸುವುದು ಕೈಗೆ ರೂಢಿಯಾಗಲಿ. ಆ ರೂಢಿ ತಲೆಮಾರು ದಾಟಿ ನಮ್ಮವರೆಗೂ ಬರಲಿ.

ನೀವು ಈ ಮಾತು ನಡೆಸಿಕೊಟ್ಟಿದ್ದರೆ ಅಂದು ಶರಭಣ್ಣನ ಕೈ ತಡಮಾಡುತ್ತಿರಲಿಲ್ಲ, ಇಷ್ಟು ಹೊತ್ತಿಗೆ ಅವನು ನನ್ನನ್ನು ಊಟಕ್ಕೆ ಕರೆಯಬೇಕಿತ್ತು. ಕರೆದಿಲ್ಲ. ಪತ್ರ ಮುಚ್ಚುವ ಮೊದಲು ಇನ್ನೊಂದು ಸಲ ಬಾಗಿಲ ಕಡೆ ನೋಡುತ್ತೇನೆ.

ನೀಲಾಂಬಿಕೆ